ನೆಗೆಟಿವ್ ಅಂದರೆ ಯಾವ ಟೆಸ್ಟ್‌ನಲ್ಲಿ ನೆಗೆಟಿವ್?

ಚಿಕ್ಕಬಳ್ಳಾಪುರದಲ್ಲಿ ನರ್ಸಿಂಗ್ ಮತ್ತು ಲ್ಯಾಬ್ ಟೆಕ್ನಿಶಿಯನ್ ವಿದ್ಯಾರ್ಥಿಗಳು, ತಾಲೂಕು ಆಸ್ಪತ್ರೆಗಳ ಸಿಬ್ಬಂದಿ ಮತ್ತು ಊರಿನ ಆಸಕ್ತರ ಮುಂದೆ ಮೈಕ್ರೋಬಯಾಲಜಿ ತಜ್ಞರೊಬ್ಬರು ಆಡಿದ ಮಾತುಗಳ ಬರಹ ರೂಪ.

ಕೇಸ್ ಶೀಟ್ ತೆಗೆದು ನೋಡಿದರೆ ‘ಫ್ಲೂ ನೆಗೆಟಿವ್’ ಅಂತ ಬರೆದಿರುತ್ತದೆ. ಯಾವ ಟೆಸ್ಟ್ ಮಾಡಿದ್ದು? ಬರೆದಿರುವುದಿಲ್ಲ. ಸ್ಯಾಂಪಲ್ ಎಲ್ಲಿಂದ ತೆಗೆದದ್ದು? ಅದೂ ಇಲ್ಲ. ಜ್ವರ ಶುರುವಾದ ಎಷ್ಟನೇ ದಿನ ತೆಗೆದದ್ದು? ಅದಂತೂ ಯಾರಿಗೂ ನೆನಪಿರುವುದಿಲ್ಲ. ಈ ಮೂರು ವಿಷಯ ಗೊತ್ತಿಲ್ಲದೆ ಆ ಎರಡು ಪದ ಓದಿದರೆ ಏನೂ ತಿಳಿಯುವುದಿಲ್ಲ. ತಿಳಿದಂತೆ ಅನ್ನಿಸುತ್ತದೆ, ಅದು ಇನ್ನೂ ಅಪಾಯ. ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದು ಇಷ್ಟೇ.

ಇದು ಎಚ್. ನರಸಿಂಹಯ್ಯನವರು ಹುಟ್ಟಿದ ಜಿಲ್ಲೆ. ಗೌರಿಬಿದನೂರು ತಾಲೂಕಿನ ಹೊಸೂರಿನವರು. ಯಾವುದನ್ನೇ ಆಗಲಿ ಪ್ರಶ್ನೆ ಕೇಳಿ ಆಮೇಲೆ ಒಪ್ಪಿ ಅಂತ ಜೀವನವಿಡೀ ಹೇಳಿದರು. ಅವರು ಹೇಳುತ್ತಿದ್ದದ್ದು ಪವಾಡಗಳ ಬಗ್ಗೆ ಅಂತ ನಾವು ಅಂದುಕೊಂಡುಬಿಟ್ಟಿದ್ದೇವೆ. ಲ್ಯಾಬ್ ರಿಪೋರ್ಟ್‌ಗೂ ಆ ಮಾತು ಸಲ್ಲುತ್ತದೆ. ಲ್ಯಾಬ್‌ನವಳಾಗಿಯೇ ಹೇಳುತ್ತಿದ್ದೇನೆ, ನಮ್ಮ ರಿಪೋರ್ಟ್‌ಗೂ ಪ್ರಶ್ನೆ ಕೇಳಿ.

ಮೊದಲು ಟೆಸ್ಟ್ ಯಾಕೆ ಬೇಕು ಅನ್ನುವುದನ್ನು ನೋಡೋಣ. ನಮ್ಮ ಕಡೆ ಫ್ಲೂ ಜಾಸ್ತಿಯಾಗುವುದು ಮಳೆಗಾಲದಲ್ಲಿ. ಜನವರಿಯಿಂದ ಮಾರ್ಚ್‌ವರೆಗೆ ಇನ್ನೊಂದು ಸುತ್ತು ಬರುತ್ತದೆ. ಮಳೆಗಾಲದಲ್ಲೇ ಡೆಂಗಿ ಬರುತ್ತದೆ, ಚಿಕುನ್‌ಗುನ್ಯಾ ಬರುತ್ತದೆ, ಟೈಫಾಯ್ಡ್ ಇದ್ದೇ ಇರುತ್ತದೆ. ಈಗ ಕೋವಿಡ್ ಕೂಡ ಸೇರಿಕೊಂಡಿದೆ. ಮಕ್ಕಳಲ್ಲಿ ಆರ್‌ಎಸ್‌ವಿ ಅನ್ನುವ ಮತ್ತೊಂದು ವೈರಸ್. ಜ್ವರ, ಮೈಕೈ ನೋವು, ಕೆಮ್ಮು ಇಷ್ಟನ್ನೇ ನೋಡಿ ಇದು ಫ್ಲೂ, ಇದು ಅಲ್ಲ ಅಂತ ಹೇಳಲು ಎಷ್ಟೇ ಅನುಭವ ಇದ್ದ ಡಾಕ್ಟರ್‌ಗೂ ಆಗುವುದಿಲ್ಲ.

ವಯಸ್ಸಾದವರಲ್ಲಿ ಇನ್ನೂ ಕಷ್ಟ. ಎಪ್ಪತ್ತು ದಾಟಿದವರಿಗೆ ಫ್ಲೂ ಬಂದರೆ ಜ್ವರವೇ ಕಾಣದೆ ಹೋಗಬಹುದು. ಮೊದಲೇ ಇದ್ದ ದಮ್ಮು ಇದ್ದಕ್ಕಿದ್ದಂತೆ ಜಾಸ್ತಿಯಾಗುತ್ತದೆ. ಹಾರ್ಟ್ ಫೇಲ್ಯೂರ್ ಇದ್ದವರಿಗೆ ಕಾಲು ಊದಿ ಉಸಿರು ಕಟ್ಟುತ್ತದೆ. ಕೆಲವರು ಊಟ ಬಿಟ್ಟು ಮಂಕಾಗಿ ಮಲಗಿಬಿಡುತ್ತಾರೆ. ಇವರನ್ನೆಲ್ಲ ದಮ್ಮು, ಹಾರ್ಟು ಅಂತ ಅಡ್ಮಿಟ್ ಮಾಡುತ್ತೇವೆ. ಫ್ಲೂ ನೆನಪಿಗೇ ಬರುವುದಿಲ್ಲ. ಪಕ್ಕದ ಬೆಡ್‌ನವರಿಗೆ ಮೂರು ದಿನ ಬಿಟ್ಟು ಜ್ವರ ಶುರುವಾದಾಗ ನೆನಪಿಗೆ ಬರುತ್ತದೆ. ಅದಕ್ಕೇ ಫ್ಲೂ ಓಡಾಡುವ ತಿಂಗಳುಗಳಲ್ಲಿ ನ್ಯುಮೋನಿಯಾ ಅಂತ ಬಂದವರಿಗೂ, ಹಳೆಯ ಶ್ವಾಸಕೋಶದ ಅಥವಾ ಹೃದಯದ ಕಾಯಿಲೆ ಏಕಾಏಕಿ ಕೆಟ್ಟು ಬಂದವರಿಗೂ, ಜ್ವರ ಇರಲಿ ಬಿಡಲಿ, ಟೆಸ್ಟ್ ಮಾಡಬೇಕು. ಅಡ್ಮಿಟ್ ಆದ ಮೇಲೆ ಹೊಸದಾಗಿ ಕೆಮ್ಮು, ಜ್ವರ ಬಂದವರಿಗೂ ಮಾಡಬೇಕು.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. 1918ರಲ್ಲಿ ಫ್ಲೂ ಬಂದು ಭಾರತ ಒಂದರಲ್ಲೇ ಒಂದು ಕೋಟಿಗೂ ಮೀರಿ ಜನ ಸತ್ತರು. ಆಗ ಲ್ಯಾಬ್‌ಗಳು ಇರಲಿಲ್ಲ ಅಂತಲ್ಲ. ಇದ್ದವು. ಕಫ ತೆಗೆದುಕೊಂಡು ಮೈಕ್ರೋಸ್ಕೋಪ್ ಕೆಳಗೆ ನೋಡುತ್ತಿದ್ದರು. ಸಣ್ಣ ಕಡ್ಡಿಯಂಥ ಒಂದು ಬ್ಯಾಕ್ಟೀರಿಯಾ ಕಾಣುತ್ತಿತ್ತು. 1892ರಲ್ಲೇ ರಿಚರ್ಡ್ ಫೈಫರ್ ಅನ್ನುವ ಜರ್ಮನ್ ವಿಜ್ಞಾನಿ ಇದೇ ಫ್ಲೂಗೆ ಕಾರಣ ಅಂದಿದ್ದರು. ದೊಡ್ಡ ಹೆಸರು, ಎಲ್ಲರೂ ನಂಬಿದರು. ಆದರೆ ಆ ಬ್ಯಾಕ್ಟೀರಿಯಾ ಕೆಲವು ರೋಗಿಗಳಲ್ಲಿ ಸಿಗುತ್ತಿತ್ತು, ಕೆಲವರಲ್ಲಿ ಸಿಗುತ್ತಿರಲಿಲ್ಲ. ಆರೋಗ್ಯವಾಗಿದ್ದವರ ಮೂಗಿನಲ್ಲೂ ಸಿಗುತ್ತಿತ್ತು. ಅದರ ಹೆಸರು ಇವತ್ತಿಗೂ ಹೀಮೋಫಿಲಸ್ ಇನ್‌ಫ್ಲುಯೆಂಜೆ. ಮಾಡದ ತಪ್ಪಿನ ಹೆಸರನ್ನು ಇನ್ನೂ ಹೊತ್ತುಕೊಂಡು ತಿರುಗುತ್ತಿದೆ!

ನಿಜವಾದ ವೈರಸ್ ಮನುಷ್ಯರಿಂದ ಸಿಕ್ಕಿದ್ದು 1933ರಲ್ಲಿ, ಲಂಡನ್‌ನಲ್ಲಿ. ವಿಲ್ಸನ್ ಸ್ಮಿತ್, ಕ್ರಿಸ್ಟೋಫರ್ ಆಂಡ್ರ್ಯೂಸ್, ಪ್ಯಾಟ್ರಿಕ್ ಲೇಡ್ಲಾ ಅನ್ನುವ ಮೂವರು, ಫ್ಲೂ ಬಂದವರ ಗಂಟಲು ತೊಳೆದ ನೀರನ್ನು ಸೋಸಿ ಫೆರೆಟ್ ಅನ್ನುವ ಪ್ರಾಣಿಯ ಮೂಗಿಗೆ ಬಿಟ್ಟರು. ಬ್ಯಾಕ್ಟೀರಿಯಾ ದಾಟಲಾಗದಷ್ಟು ಸಣ್ಣ ಸೋಸುವಿಕೆ ಅದು. ಆದರೂ ಫೆರೆಟ್‌ಗೆ ಜ್ವರ ಬಂತು, ಸೀನು ಬಂತು. ಕೆಲವು ವರ್ಷ ಕಳೆದ ಮೇಲೆ ಅಲ್ಲೇ ಕೆಲಸ ಮಾಡುತ್ತಿದ್ದ ಒಬ್ಬ ವಿಜ್ಞಾನಿಯ ಮುಖಕ್ಕೆ ಫೆರೆಟ್ ಸೀನಿ, ಅವರಿಗೂ ಫ್ಲೂ ಹತ್ತಿಕೊಂಡಿತು. ಇಂಥ ಪುರಾವೆಯನ್ನು ಯಾರೂ ಬೇಕಂತ ತಂದುಕೊಳ್ಳುವುದಿಲ್ಲ ಬಿಡಿ.

ಆಮೇಲೆ ಕೋಳಿಮೊಟ್ಟೆಯಲ್ಲಿ ವೈರಸ್ ಬೆಳೆಸುವುದನ್ನು ಕಲಿತರು. ಒಳಗೆ ಮರಿ ಬೆಳೆಯುತ್ತಿರುವ ಮೊಟ್ಟೆ. 1941ರಲ್ಲಿ ಜಾರ್ಜ್ ಹರ್ಸ್ಟ್ ಅನ್ನುವವರು ಒಂದು ವಿಚಿತ್ರ ಗಮನಿಸಿದರು. ವೈರಸ್ ಇರುವ ಮೊಟ್ಟೆಯ ದ್ರವಕ್ಕೆ ಕೋಳಿಯ ಕೆಂಪು ರಕ್ತಕಣ ಸೇರಿಸಿದರೆ ಕಣಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹಾಗೆ ಅಂಟಿಸುವ ಪ್ರೋಟೀನ್ ವೈರಸ್‌ನ ಮೈಮೇಲೆ ಇದೆ. ಫ್ಲೂ ವೈರಸ್‌ಗಳಿಗೆ ಎಚ್1ಎನ್1, ಎಚ್3ಎನ್2 ಅಂತ ಹೇಳುತ್ತೇವಲ್ಲ, ಅದರಲ್ಲಿರುವ ‘ಎಚ್’ ಅದೇ.

ಈ ಬೆಳೆಸುವ ವಿಧಾನಕ್ಕೆ ಕಲ್ಚರ್ ಅನ್ನುತ್ತೇವೆ. ಈಗ ಮೊಟ್ಟೆಗಿಂತ ಜಾಸ್ತಿ ಜೀವಕೋಶಗಳ ಮೇಲೆ ಬೆಳೆಸುತ್ತಾರೆ. ಆ ಕೋಶಗಳಿಗೆ ಎಂಡಿಸಿಕೆ ಅಂತ ಹೆಸರು. 1958ರಲ್ಲಿ ಒಂದು ನಾಯಿಯ ಕಿಡ್ನಿಯಿಂದ ತೆಗೆದದ್ದು. ನಾಯಿ ಸತ್ತು ಎಷ್ಟೋ ಕಾಲವಾಯಿತು, ಅದರ ಕೋಶಗಳು ಮಾತ್ರ ಇವತ್ತಿಗೂ ಪ್ರಪಂಚದ ಲ್ಯಾಬ್‌ಗಳಲ್ಲಿ ಬೆಳೆಯುತ್ತಲೇ ಇವೆ. ಕಲ್ಚರ್ ಬಹಳ ಒಳ್ಳೆಯ ವಿಧಾನ, ಯಾಕೆಂದರೆ ಬದುಕಿರುವ ವೈರಸ್ ಕೈಗೆ ಸಿಗುತ್ತದೆ. ಮುಂದಿನ ವರ್ಷದ ಲಸಿಕೆಗೆ ಯಾವ ವೈರಸ್ ಆರಿಸಬೇಕು, ಔಷಧಿಗೆ ಬಗ್ಗುತ್ತದೋ ಇಲ್ಲವೋ, ಇದನ್ನೆಲ್ಲ ನೋಡಲು ಕಲ್ಚರ್ ಬೇಕೇ ಬೇಕು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಂಥ ಕಡೆ ಇದು ನಡೆಯುತ್ತಲೇ ಇರುತ್ತದೆ. ಆದರೆ ಉತ್ತರ ಬರಲು ಮೂರರಿಂದ ಹತ್ತು ದಿನ ಹಿಡಿಯುತ್ತದೆ. ಅಷ್ಟು ಹೊತ್ತಿಗೆ ನಿಮ್ಮ ಪೇಷಂಟ್ ಮನೆಗೆ ಹೋಗಿರುತ್ತಾರೆ, ಇಲ್ಲವೇ ಕೈಬಿಟ್ಟು ಹೋಗಿರುತ್ತಾರೆ. ವಾರ್ಡ್‌ನ ಕೆಲಸಕ್ಕೆ ಅದು ಆಗಿಬರುವುದಿಲ್ಲ.

ರಕ್ತ ಪರೀಕ್ಷೆ ಬಗ್ಗೆ ಒಂದೇ ಮಾತು. ಫ್ಲೂಗೆ ರಕ್ತದಲ್ಲಿ ಆಂಟಿಬಾಡಿ ನೋಡುವುದು ಆಸ್ಪತ್ರೆಯಲ್ಲಿ ಪ್ರಯೋಜನವಿಲ್ಲ. ಕಾಯಿಲೆ ಶುರುವಿನಲ್ಲಿ ಒಮ್ಮೆ, ಎರಡು ಮೂರು ವಾರ ಬಿಟ್ಟು ಇನ್ನೊಮ್ಮೆ ರಕ್ತ ತೆಗೆದು, ನಾಲ್ಕು ಪಟ್ಟು ಏರಿದೆಯೇ ಅಂತ ನೋಡಬೇಕು. ಒಂದೇ ಸಲ ತೆಗೆದ ರಕ್ತದಿಂದ ಏನೂ ಗೊತ್ತಾಗುವುದಿಲ್ಲ. ಯಾರಾದರೂ ಬರೆದುಕೊಟ್ಟರೆ ಯಾಕೆ ಅಂತ ಕೇಳಿ.

ಉಳಿದದ್ದು ಎರಡು. ಒಂದು, ಕಾರ್ಡ್ ಟೆಸ್ಟ್. ಇನ್ನೊಂದು, ಆರ್‌ಟಿ-ಪಿಸಿಆರ್. ನಿಮ್ಮ ಕೆಲಸ ಇರುವುದು ಇವೆರಡರ ನಡುವೆ.

ಕಾರ್ಡ್ ಟೆಸ್ಟ್ ನಿಮಗೆ ಗೊತ್ತಿದೆ. ಕೋವಿಡ್ ಸಮಯದಲ್ಲಿ ರ‍್ಯಾಟ್ ಅಂತ ಮಾಡಿಸಿಕೊಂಡಿರಲ್ಲ, ಅದೇ ಜಾತಿ. ಮೂಗಿನ ಸ್ವ್ಯಾಬನ್ನು ಒಂದು ದ್ರಾವಣದಲ್ಲಿ ಅದ್ದಿ ಕಾರ್ಡಿನ ಮೇಲೆ ನಾಲ್ಕು ಹನಿ ಬಿಡುತ್ತೀರಿ. ವೈರಸ್‌ನ ಒಳಗಿನ ನ್ಯೂಕ್ಲಿಯೋಪ್ರೋಟೀನ್ ಅಲ್ಲಿದ್ದರೆ, ಕಾರ್ಡ್‌ನಲ್ಲಿರುವ ಬಣ್ಣದ ಆಂಟಿಬಾಡಿ ಅದನ್ನು ಹಿಡಿದುಕೊಂಡು ಹೋಗಿ ಗೆರೆಯ ಹತ್ತಿರ ನಿಲ್ಲುತ್ತದೆ. ಗೆರೆ ಮೂಡುತ್ತದೆ. ಹದಿನೈದು ನಿಮಿಷದ ಕೆಲಸ. ಮೆಷಿನ್ ಬೇಡ, ಕರೆಂಟ್ ಬೇಡ. ಬಾಗೇಪಲ್ಲಿಯ ಒಂದು ಸಣ್ಣ ಆಸ್ಪತ್ರೆಯಲ್ಲಿ ರಾತ್ರಿ ಎರಡು ಗಂಟೆಗೂ ಮಾಡಬಹುದು. ಈ ಅನುಕೂಲವನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ.

ತೊಂದರೆ ಏನು ಅಂದರೆ, ಗೆರೆ ಮೂಡಬೇಕಾದರೆ ವೈರಸ್ ತುಂಬಾ ಇರಬೇಕು. ಇಲ್ಲಿ ಹಿಗ್ಗಿಸುವ ಕೆಲಸ ಇಲ್ಲ. ಇದ್ದಷ್ಟೇ ಕಾಣುತ್ತದೆ. ಸಣ್ಣ ಮಕ್ಕಳ ಮೂಗಿನಲ್ಲಿ ವೈರಸ್ ಜಾಸ್ತಿ ಇರುತ್ತದೆ, ಜಾಸ್ತಿ ದಿನವೂ ಇರುತ್ತದೆ. ದೊಡ್ಡವರಲ್ಲಿ ಕಡಿಮೆ. ಅದೂ ಜ್ವರ ಬಂದ ಮೂರು ನಾಲ್ಕು ದಿನ ಕಳೆದ ಮೇಲೆ ಬೇಗ ಇಳಿದುಹೋಗುತ್ತದೆ. ನಮ್ಮ ಜನ ಆಸ್ಪತ್ರೆಗೆ ಬರುವುದು ಯಾವಾಗ? ಮೊದಲ ದಿನ ಕಷಾಯ. ಎರಡನೇ ದಿನ ಮೆಡಿಕಲ್ ಸ್ಟೋರ್‌ನಲ್ಲಿ ಮಾತ್ರೆ. ಮೂರನೇ ದಿನ ಊರಿನಲ್ಲಿ ಒಂದು ಇಂಜೆಕ್ಷನ್. ಐದನೇ ದಿನ ಉಸಿರು ಕಟ್ಟಿದಾಗ ಆಟೋ ಹತ್ತುತ್ತಾರೆ. ಅಂದರೆ ಕಾರ್ಡ್ ಟೆಸ್ಟ್ ಸೋಲುವ ದಿನಕ್ಕೆ ಸರಿಯಾಗಿ ಅಡ್ಮಿಟ್ ಆಗುತ್ತಾರೆ.

ಸೂಕ್ಷ್ಮತೆ ಅನ್ನುವ ಮಾತು ಕೇಳಿದ್ದೀರಿ. ನಿಜವಾಗಿ ಕಾಯಿಲೆ ಇರುವ 100 ಜನರಲ್ಲಿ ಎಷ್ಟು ಜನರನ್ನು ಟೆಸ್ಟ್ ಹಿಡಿಯುತ್ತದೆ ಅನ್ನುವುದು. ಹಳೆಯ ಮಾದರಿಯ ಕಾರ್ಡ್‌ಗಳಲ್ಲಿ ಇದು 50ರಿಂದ 70. ಸುಳ್ಳು ಪಾಸಿಟಿವ್ ಮಾತ್ರ ಕಡಿಮೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿ ಈ ಕಾರ್ಡ್‌ಗಳ ನಿಯಮ ಬಿಗಿ ಮಾಡಿತು. ಪಿಸಿಆರ್ ಜೊತೆ ಹೋಲಿಸಿದಾಗ ಕನಿಷ್ಠ 80 ಹಿಡಿಯಬೇಕು ಅಂತ ಹೇಳಿತು. ನೀವು ಬಳಸುವ ಕಿಟ್ ಯಾವ ಮಟ್ಟದ್ದು ಅಂತ ಡಬ್ಬಿಯೊಳಗಿನ ಕಾಗದದಲ್ಲಿ ಇರುತ್ತದೆ. ಅದನ್ನು ಬಿಸಾಕಬೇಡಿ.

ಬನ್ನಿ, ಒಂದು ಲೆಕ್ಕ ಮಾಡೋಣ. ಪೆನ್ನು ಇದ್ದವರು ಬರೆದುಕೊಳ್ಳಿ. ಇದು ಸುಮ್ನೆ ಲೆಕ್ಕಕ್ಕೆ ಹಿಡಿದ ಸಂಖ್ಯೆ, ಯಾವ ಆಸ್ಪತ್ರೆಯದ್ದೂ ಅಲ್ಲ. ಜುಲೈ ತಿಂಗಳು ಅಂದುಕೊಳ್ಳಿ. ಕೆಮ್ಮು, ದಮ್ಮು ಅಂತ 100 ಜನ ಅಡ್ಮಿಟ್ ಆಗಿದ್ದಾರೆ. ಅವರಲ್ಲಿ 40 ಜನಕ್ಕೆ ನಿಜವಾಗಿ ಫ್ಲೂ ಇದೆ. ಕಾರ್ಡ್ 100ಕ್ಕೆ 60 ಹಿಡಿಯುತ್ತದೆ ಅಂದರೆ, 40ರಲ್ಲಿ 24 ಜನ ಪಾಸಿಟಿವ್. 16 ಜನ ಕೈತಪ್ಪಿದರು. ಫ್ಲೂ ಇಲ್ಲದ 60 ಜನರಲ್ಲಿ ಒಬ್ಬರು ಸುಳ್ಳು ಪಾಸಿಟಿವ್ ಅಂತ ಇಟ್ಟುಕೊಳ್ಳಿ. ಒಟ್ಟು 25 ಪಾಸಿಟಿವ್‌ನಲ್ಲಿ 24 ನಿಜ. ಗೆರೆ ಮೂಡಿದರೆ ಕಣ್ಣುಮುಚ್ಚಿ ನಂಬಬಹುದು. ಆದರೆ ಉಳಿದ 75 ನೆಗೆಟಿವ್‌ಗಳನ್ನು ನೋಡಿ. ಅದರಲ್ಲಿ 16 ಜನ ಫ್ಲೂ ಇರುವವರು. ಐದರಲ್ಲಿ ಒಬ್ಬರು! ಇವರನ್ನು ಫ್ಲೂ ಇಲ್ಲ ಅಂತ ಹೇಳಿ ಡಯಾಲಿಸಿಸ್ ಪೇಷಂಟ್ ಪಕ್ಕಕ್ಕೋ, ಬಾಣಂತಿ ಪಕ್ಕಕ್ಕೋ ಮಲಗಿಸುತ್ತೀರಿ.

ಈಗ ಅದೇ ಕಾರ್ಡನ್ನು ಫ್ಲೂ ಅಷ್ಟಾಗಿ ಇಲ್ಲದ ತಿಂಗಳಲ್ಲಿ ಬಳಸಿ. 1000 ಜನಕ್ಕೆ ಮಾಡಿದಿರಿ. ಅವರಲ್ಲಿ ನಿಜವಾಗಿ ಫ್ಲೂ ಇರುವವರು 10 ಜನ. ಆರು ಜನ ಸಿಕ್ಕರು. ಉಳಿದ 990 ಜನರಲ್ಲಿ 100ಕ್ಕೆ ಎರಡು ಸುಳ್ಳು ಪಾಸಿಟಿವ್ ಬಂದರೂ ಹತ್ತಿರ ಹತ್ತಿರ 20 ಜನ ಆಯಿತು. ಒಟ್ಟು 26 ಪಾಸಿಟಿವ್, ಅದರಲ್ಲಿ 20 ಸುಳ್ಳು. ಕಾರ್ಡ್ ಅದೇ, ಕಂಪನಿ ಅದೇ, ಮಾಡಿದ ಕೈ ಅದೇ. ತಿಂಗಳು ಮಾತ್ರ ಬೇರೆ. ಮಳೆಗಾಲದಲ್ಲಿ ನೆಗೆಟಿವ್ ಮೇಲೆ ಅನುಮಾನ ಇರಲಿ, ಫ್ಲೂ ಇಲ್ಲದ ಕಾಲದಲ್ಲಿ ಪಾಸಿಟಿವ್ ಮೇಲೆ ಅನುಮಾನ ಇರಲಿ. ಊರಿನಲ್ಲಿ ಈಗ ಫ್ಲೂ ಓಡಾಡುತ್ತಿದೆಯಾ ಅನ್ನುವುದು ಗೊತ್ತಿಲ್ಲದೆ ಕಾರ್ಡ್ ಓದಲು ಬರುವುದಿಲ್ಲ.

ಅಮೆರಿಕದ ಸೋಂಕುರೋಗ ತಜ್ಞರ ಸಂಘ 2018ರ ಮಾರ್ಗಸೂಚಿಯಲ್ಲಿ ಇದನ್ನು ನೇರವಾಗಿಯೇ ಹೇಳಿದೆ. ಅಡ್ಮಿಟ್ ಆದ ರೋಗಿಗೆ ಆರ್‌ಟಿ-ಪಿಸಿಆರ್ ಅಥವಾ ಅದೇ ಬಗೆಯ ಟೆಸ್ಟ್ ಮಾಡಿ. ಅದು ಸಿಗದ ಕಡೆ ಬಿಟ್ಟರೆ ಕಾರ್ಡ್ ಟೆಸ್ಟ್ ಬಳಸಬೇಡಿ. ಬಳಸಿ ನೆಗೆಟಿವ್ ಬಂದರೆ ಪಿಸಿಆರ್ ಮಾಡಿ ಖಚಿತಪಡಿಸಿಕೊಳ್ಳಿ. ನಮಗೂ ಇದು ಹೊಂದುತ್ತದೆ. ಗೆರೆ ಬಂತಾ, ಕೆಲಸ ಶುರು ಮಾಡಿ. ಬರಲಿಲ್ಲವಾ, ಇನ್ನೊಂದು ಸ್ವ್ಯಾಬ್ ತೆಗೆದು ಪಿಸಿಆರ್‌ಗೆ ಕಳಿಸಿ.

ಪಿಸಿಆರ್ ಹೇಗೆ ಕೆಲಸ ಮಾಡುತ್ತದೆ? ಫ್ಲೂ ವೈರಸ್‌ನ ವಂಶವಾಹಿ ಆರ್‌ಎನ್‌ಎ. ಮೊದಲು ಅದನ್ನು ಡಿಎನ್‌ಎ ಆಗಿ ನಕಲು ಮಾಡುತ್ತೇವೆ. ಆಮೇಲೆ ಬಿಸಿ ಮಾಡಿ ತಣ್ಣಗೆ ಮಾಡಿ, ಒಂದು ಸುತ್ತಿಗೆ ಒಂದು ಎರಡಾಗುವಂತೆ, ಎರಡು ನಾಲ್ಕಾಗುವಂತೆ ಹೆಚ್ಚಿಸುತ್ತಾ ಹೋಗುತ್ತೇವೆ. ಸಾಮಾನ್ಯವಾಗಿ 40 ಸುತ್ತು. ಹೀಗೆ ಹೆಚ್ಚಿಸುವ ಉಪಾಯ ಹೊಳೆದದ್ದು 1983ರಲ್ಲಿ, ಕ್ಯಾರಿ ಮುಲ್ಲಿಸ್ ಅನ್ನುವವರಿಗೆ. ಹತ್ತು ವರ್ಷಕ್ಕೆ ನೊಬೆಲ್ ಬಂತು. ಎಷ್ಟನೇ ಸುತ್ತಿಗೆ ಮೆಷಿನ್‌ಗೆ ಬೆಳಕು ಕಂಡಿತೋ ಅದೇ ಸಿಟಿ ವ್ಯಾಲ್ಯೂ. ಕೋವಿಡ್‌ನಲ್ಲಿ ಬೀದಿಬೀದಿಯಲ್ಲಿ ಜನ ಸಿಟಿ ವ್ಯಾಲ್ಯೂ ಹೇಳುತ್ತಿದ್ದರು, ನೆನಪಿದೆಯಲ್ವಾ? 10 ಸುತ್ತಿನ ವ್ಯತ್ಯಾಸ ಅಂದರೆ ವೈರಸ್ ಪ್ರಮಾಣದಲ್ಲಿ ಸುಮಾರು ಸಾವಿರ ಪಟ್ಟು ವ್ಯತ್ಯಾಸ. ಆದರೆ ಆ ನಂಬರ್ ನೋಡಿ ರೋಗಿ ಎಷ್ಟು ಸೀರಿಯಸ್ ಅಂತ ಅಳೆಯಬೇಡಿ. ಸ್ವ್ಯಾಬನ್ನು ಸರಿಯಾಗಿ ತೆಗೆಯದಿದ್ದರೂ ಸಿಟಿ ಏರುತ್ತದೆ. ಶ್ವಾಸಕೋಶದ ತುಂಬಾ ವೈರಸ್ ಇದ್ದು ಮೂಗಿನಲ್ಲಿ ಕಡಿಮೆ ಇರಬಹುದು.

ಎಚ್1ಎನ್1, ಎಚ್3ಎನ್2 ಎರಡೂ ಸೇರುವ ಫ್ಲೂ ಗುಂಪಿಗೆ ಇನ್‌ಫ್ಲುಯೆಂಜಾ ಎ ಅಂತ ಹೆಸರು. ಅದನ್ನು ಹಿಡಿಯಲು ವೈರಸ್‌ನ ‘ಎಂ’ ಅನ್ನುವ ಜೀನ್ ಹುಡುಕುವುದು ಹೆಚ್ಚು. ಮೈಮೇಲಿನ ಎಚ್, ಎನ್ ಪ್ರೋಟೀನ್‌ಗಳು ವರ್ಷವರ್ಷ ವೇಷ ಬದಲಿಸುತ್ತವೆ, ‘ಎಂ’ ಅಷ್ಟು ಬದಲಾಗುವುದಿಲ್ಲ. ಅದು ಸಿಕ್ಕ ಮೇಲೆ ಎಚ್1ಎನ್1 ಆ, ಎಚ್3ಎನ್2 ಆ ಅಂತ ನೋಡುತ್ತೇವೆ. ಜೊತೆಗೆ ಮನುಷ್ಯನದ್ದೇ ಒಂದು ಜೀನ್ ಕೂಡ ಹುಡುಕುತ್ತೇವೆ. ಹೆಸರು ಆರ್‌ನೇಸ್ ಪಿ. ಇದು ಯಾಕೆ? ಸ್ವ್ಯಾಬ್‌ನಲ್ಲಿ ರೋಗಿಯ ಜೀವಕೋಶ ಬಂದಿದೆಯಾ ಅಂತ ತಿಳಿಯಲು. ಅದೂ ಸಿಗಲಿಲ್ಲ ಅಂದರೆ ಸ್ವ್ಯಾಬ್ ಮೂಗಿಗೆ ಸರಿಯಾಗಿ ಮುಟ್ಟಿಯೇ ಇಲ್ಲ, ಅಥವಾ ದಾರಿಯಲ್ಲಿ ಹಾಳಾಗಿದೆ. ಆಗ ನಾವು ನೆಗೆಟಿವ್ ಅಂತ ಬರೆಯುವುದಿಲ್ಲ, ಮತ್ತೆ ಕಳಿಸಿ ಅಂತ ಬರೆಯುತ್ತೇವೆ. ವಾರ್ಡ್‌ನವರಿಗೆ ಸಿಟ್ಟು ಬರುತ್ತದೆ. ಬರಲಿ. ಸುಳ್ಳು ನೆಗೆಟಿವ್ ಕೊಡುವುದಕ್ಕಿಂತ ಬೈಸಿಕೊಳ್ಳುವುದು ವಾಸಿ.

ಕಾರ್ಟ್ರಿಜ್ ಹಾಕಿ ಗಂಟೆಯೊಳಗೆ ಉತ್ತರ ಕೊಡುವ ಸಣ್ಣ ಮೆಷಿನ್‌ಗಳೂ ಬಂದಿವೆ. ಅದೂ ಪಿಸಿಆರ್ ಜಾತಿಯೇ. ಫ್ಲೂ, ಕೋವಿಡ್, ಆರ್‌ಎಸ್‌ವಿ ಮೂರನ್ನೂ ಒಂದೇ ಸ್ವ್ಯಾಬ್‌ನಲ್ಲಿ ನೋಡಬಹುದು. ದುಡ್ಡು ಜಾಸ್ತಿ. ಐಸಿಯುಗೆ ಬಂದವರಿಗೆ, ಗರ್ಭಿಣಿಯರಿಗೆ, ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇರುವವರಿಗೆ ಆ ದುಡ್ಡು ದಂಡವಲ್ಲ ಅನ್ನುವುದು ನನ್ನ ಅಭಿಪ್ರಾಯ.

ಈಗ ಸ್ಯಾಂಪಲ್ ವಿಷಯ. ಇಲ್ಲಿ ಕುಳಿತಿರುವವರಲ್ಲಿ ಹೆಚ್ಚಿನವರು ಸ್ವ್ಯಾಬ್ ತೆಗೆಯುವವರು. ಹಾಗಾಗಿ ಇದನ್ನು ಬಿಡಿಸಿ ಹೇಳುತ್ತೇನೆ. ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ನೋಡಿದ್ದೀರಿ. ಗೂಡು ಕೊಂಡು ನೂಲು ತೆಗೆಯುವ ಒಳ್ಳೆಯ ರೀಲರ್ ಲಾಟಿನ ಮೇಲಿನ ಗೂಡು ನೋಡಿ ಬೆಲೆ ಕೂಗುವುದಿಲ್ಲ, ಒಳಗೆ ಕೈಹಾಕಿ ಅಡಿಯಿಂದ ಒಂದು ಹಿಡಿ ಎತ್ತುತ್ತಾನೆ. ನಮ್ಮದೂ ಅಷ್ಟೇ. ಮೂಗಿನ ಹೊಳ್ಳೆಯಲ್ಲಿ ಎರಡು ಸಲ ತಿರುಗಿಸಿ ತೆಗೆದದ್ದು ನೇಸೋಫೆರಿಂಜಿಯಲ್ ಸ್ವ್ಯಾಬ್ ಅಲ್ಲ. ಮೂಗಿನ ಹಿಂಭಾಗ, ಗಂಟಲು ಸೇರುವ ಜಾಗಕ್ಕೆ ಅದು ಹೋಗಬೇಕು. ರೋಗಿಯ ತಲೆಯನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿ. ಸ್ವ್ಯಾಬನ್ನು ಮೇಲಕ್ಕೆ, ಕಣ್ಣಿನ ಕಡೆಗೆ ತಳ್ಳಬೇಡಿ, ನೆಟ್ಟಗೆ ಹಿಂದಕ್ಕೆ, ಕಿವಿಯ ಕಡೆಗೆ ಬಿಡಿ. ತಡೆ ಸಿಕ್ಕಾಗ ನಿಲ್ಲಿಸಿ. ಕೆಲವು ಸೆಕೆಂಡ್ ಅಲ್ಲೇ ಇರಲಿ, ಹೀರಿಕೊಳ್ಳಲಿ. ನಿಧಾನವಾಗಿ ತಿರುಗಿಸಿ ತೆಗೆಯಿರಿ. ಕಣ್ಣಲ್ಲಿ ನೀರು ಬರುತ್ತದೆ, ‘ಒಂದು ಕ್ಷಣ ಅಷ್ಟೇ ಅಜ್ಜಿ’ ಅಂತ ಮೊದಲೇ ಹೇಳಿ. ಗಂಟಲಿನ ಸ್ವ್ಯಾಬ್ ಕೂಡ ತೆಗೆದು ಅದೇ ಟ್ಯೂಬ್‌ಗೆ ಹಾಕಿದರೆ ಇನ್ನೂ ಒಳ್ಳೆಯದು.

ಹತ್ತಿ ಸುತ್ತಿದ ಮರದ ಕಡ್ಡಿ ಬೇಡವೇ ಬೇಡ. ಅದರಲ್ಲಿರುವ ಅಂಶಗಳು ಪಿಸಿಆರ್ ಅನ್ನೇ ತಡೆಯುತ್ತವೆ. ನೈಲಾನ್ ಅಥವಾ ಡೇಕ್ರಾನ್ ತುದಿ, ಪ್ಲಾಸ್ಟಿಕ್ ಕಡ್ಡಿ ಇರಲಿ. ತೆಗೆದ ತಕ್ಷಣ ವೈರಸ್ ಹಾಳಾಗದಂತೆ ಕಾಪಾಡುವ, ಗುಲಾಬಿ ಬಣ್ಣದ ವಿಟಿಎಂ ದ್ರವಕ್ಕೆ ಅದ್ದಿ, ಗೆರೆ ಇರುವ ಕಡೆ ಮುರಿದು, ಮುಚ್ಚಳ ಬಿಗಿ ಮಾಡಿ. ಇನ್ನೊಂದು ಮಾತು. ವಿಟಿಎಂಗೆ ಅದ್ದಿದ ಸ್ವ್ಯಾಬನ್ನೇ ಮತ್ತೆ ಕಾರ್ಡ್ ಟೆಸ್ಟ್‌ಗೆ ಬಳಸುವವರಿದ್ದಾರೆ. ದ್ರವದಲ್ಲಿ ವೈರಸ್ ತೆಳುವಾಗಿ ಹೋಗಿರುತ್ತದೆ, ಮೊದಲೇ ಕಣ್ಣು ಮಂಜಾದ ಕಾರ್ಡ್‌ಗೆ ಇನ್ನೂ ಕಾಣುವುದಿಲ್ಲ. ಕಿಟ್‌ನ ಕಾಗದದಲ್ಲಿ ನಡೆಯುತ್ತದೆ ಅಂತ ಬರೆದಿದ್ದರೆ ಮಾತ್ರ ಮಾಡಿ.

ಆಮೇಲೆ ತಂಪು. ಎರಡರಿಂದ ಎಂಟು ಡಿಗ್ರಿಯಲ್ಲಿ ಇಟ್ಟು 72 ಗಂಟೆಯೊಳಗೆ ಲ್ಯಾಬ್ ಮುಟ್ಟಿಸಬೇಕು. ಅದಕ್ಕಿಂತ ತಡ ಆಗುತ್ತದೆ ಅಂದರೆ ಮೈನಸ್ 70ರ ಡೀಪ್ ಫ್ರೀಜರ್ ಬೇಕು. ಮನೆಯ ಫ್ರಿಜ್‌ನ ಐಸ್ ಡಬ್ಬಿಯಲ್ಲಿ ಇಡುವುದು ಎಲ್ಲಕ್ಕಿಂತ ಕೆಟ್ಟದ್ದು. ನಮ್ಮಲ್ಲಿ ಬೆಂಗಳೂರಿಗೆ ಕಳಿಸುವುದಾದರೆ ಹೆಚ್ಚೆಂದರೆ ಒಂದೂವರೆ ಎರಡು ಗಂಟೆ ದಾರಿ. ದೂರ ಕಾರಣವಲ್ಲ. ಶನಿವಾರ ಮಧ್ಯಾಹ್ನ ತೆಗೆದ ಸ್ಯಾಂಪಲ್ ಸೋಮವಾರದವರೆಗೆ ಟೇಬಲ್ ಮೇಲೆ ಕೂರುವುದು ಕಾರಣ. 2020ರ ಮಾರ್ಚ್‌ನಲ್ಲಿ ಕೋವಿಡ್ ಕೇಸ್‌ಗಳಿಂದ ಗೌರಿಬಿದನೂರಿನ ಹೆಸರು ದಿನಾ ಟಿವಿಯಲ್ಲಿ ಬರುತ್ತಿದ್ದಾಗ ಇದೇ ಐಸ್ ಬಾಕ್ಸ್‌ಗಳನ್ನು ಎಷ್ಟು ಜೋಪಾನವಾಗಿ ಕಳಿಸುತ್ತಿದ್ದೆವು. ಫ್ಲೂ ಅಂದ ಕೂಡಲೇ ಆ ಜೋಪಾನ ಎಲ್ಲಿಗೆ ಹೋಗುತ್ತದೋ.

ವೆಂಟಿಲೇಟರ್ ಮೇಲಿರುವ ರೋಗಿಯ ವಿಷಯ ಬೇರೆ. 2009ರ ಎಚ್1ಎನ್1 ನಮಗೆ ಇದನ್ನು ಕಲಿಸಿತು. ಸೋಂಕು ಕೆಳಗೆ ಶ್ವಾಸಕೋಶಕ್ಕೆ ಇಳಿದಿರುತ್ತದೆ, ಮೂಗಿನಲ್ಲಿ ಏನೂ ಉಳಿದಿರುವುದಿಲ್ಲ. ಮೂಗಿನ ಸ್ವ್ಯಾಬ್ ಪಿಸಿಆರ್‌ನಲ್ಲೂ ನೆಗೆಟಿವ್ ಬರಬಹುದು. ಅನುಮಾನ ಇದ್ದರೆ ಟ್ಯೂಬ್ ಒಳಗಿಂದ ಸಕ್ಷನ್ ಮಾಡಿದ ಕಫವನ್ನೇ ಕಳಿಸಿ. ಅದು ನೆಗೆಟಿವ್ ಬಂದರೆ ಆಗ ನಂಬೋಣ.

ಇಷ್ಟೆಲ್ಲ ಹೇಳಿದ ಮೇಲೆ ಲ್ಯಾಬ್‌ನವರಿಗೆ ಇಷ್ಟವಾಗದ ಒಂದು ಮಾತು. ಅಡ್ಮಿಟ್ ಆದ ರೋಗಿಗೆ ಫ್ಲೂ ಅನುಮಾನ ಬಂತು ಅಂದರೆ, ನಮ್ಮ ರಿಪೋರ್ಟ್‌ಗೆ ಕಾಯಬೇಡಿ. ಸ್ವ್ಯಾಬ್ ತೆಗೆಯಿರಿ, ಫ್ಲೂ ಔಷಧಿ ಓಸೆಲ್ಟಮಿವಿರ್ ಶುರು ಮಾಡಿ. ಆ ಔಷಧಿ ಚೆನ್ನಾಗಿ ಕೆಲಸ ಮಾಡುವುದು ಮೊದಲ 48 ಗಂಟೆಯಲ್ಲಿ. ಸೀರಿಯಸ್ ಇದ್ದವರಿಗೆ ತಡವಾಗಿ ಕೊಟ್ಟರೂ ಅನುಕೂಲ ಇದೆ, ಆದರೆ ಬೇಗ ಕೊಟ್ಟಷ್ಟು ಒಳ್ಳೆಯದು. ಪಿಸಿಆರ್ ನೆಗೆಟಿವ್ ಬಂದರೆ ನಿಲ್ಲಿಸುವ ಬಗ್ಗೆ ಡಾಕ್ಟರ್ ಯೋಚಿಸಲಿ. ಕಾರ್ಡ್ ನೆಗೆಟಿವ್ ಬಂತು ಅಂತ ಮಾತ್ರ ನಿಲ್ಲಿಸಬೇಡಿ.

ಪಾಸಿಟಿವ್ ಬಂದರೂ ಕೇಸ್ ಮುಗಿಯಲಿಲ್ಲ. ಫ್ಲೂ ಬಂದು ಹೋದ ದಾರಿಯಲ್ಲೇ ನ್ಯುಮೋಕಾಕಸ್, ಸ್ಟ್ಯಾಫ್ ಅನ್ನುವ ಬ್ಯಾಕ್ಟೀರಿಯಾಗಳು ಒಳಗೆ ನುಗ್ಗುತ್ತವೆ. ಇಳಿದಿದ್ದ ಜ್ವರ ಐದಾರು ದಿನಕ್ಕೆ ಮತ್ತೆ ಏರಿದರೆ, ಬಣ್ಣದ ಕಫ ಬಂದರೆ, ಬ್ಯಾಕ್ಟೀರಿಯಾ ಹುಡುಕಲು ಕಲ್ಚರ್ ಕಳಿಸಿ. ಹಾಗೆಯೇ ಪಿಸಿಆರ್ ಸತ್ತ ವೈರಸ್‌ನ ಚೂರನ್ನೂ ಹಿಡಿಯುತ್ತದೆ. ಹುಷಾರಾದವರಿಗೆ ಮತ್ತೆ ಮತ್ತೆ ಟೆಸ್ಟ್ ಮಾಡಿ ‘ಇನ್ನೂ ಪಾಸಿಟಿವ್’ ಅಂತ ಗಾಬರಿ ಬೀಳುವುದು ಬೇಡ.

ಎಲ್ಲ ನೆಗಡಿಗೂ ಟೆಸ್ಟ್ ಮಾಡಿಸಬೇಕಾ ಅಂತ ಹಿಂದಿನ ಸಾಲಿನಿಂದ ಯಾರೋ ಕೇಳಿದಿರಿ. ಬೇಡ. ಕೇಂದ್ರ ಸರ್ಕಾರದ ಸೂಚನೆಯಲ್ಲಿ ಎ, ಬಿ, ಸಿ ಅಂತ ಮೂರು ವರ್ಗ ಮಾಡಿದ್ದಾರೆ. ಸಣ್ಣ ಜ್ವರ, ಕೆಮ್ಮು ಎ ವರ್ಗ. ಟೆಸ್ಟೂ ಬೇಡ, ಫ್ಲೂ ಮಾತ್ರೆಯೂ ಬೇಡ, ಮನೆಯಲ್ಲಿ ಇರಿ. ಜ್ವರ ಜೋರಾಗಿದ್ದರೆ, ಅಥವಾ ಗರ್ಭಿಣಿ, ಹಿರಿಯರು, ಶುಗರ್, ಹಾರ್ಟ್ ಕಾಯಿಲೆ ಇದ್ದವರಾದರೆ ಬಿ ವರ್ಗ. ಡಾಕ್ಟರ್ ನೋಡಿ ಮಾತ್ರೆ ಕೊಡಬಹುದು, ಟೆಸ್ಟ್ ಬೇಕಿಲ್ಲ. ಉಸಿರಾಟಕ್ಕೆ ಕಷ್ಟ, ಎದೆನೋವು, ಮಂಪರು, ತುಟಿ ನೀಲಿಯಾಗುವುದು, ಇದು ಸಿ ವರ್ಗ. ಅಡ್ಮಿಟ್, ಟೆಸ್ಟ್, ಔಷಧಿ ಮೂರೂ ಕೂಡಲೇ.

ರಿಪೋರ್ಟ್‌ನಲ್ಲಿ ಎಚ್1ಎನ್1 ಅಂತ ಕಂಡರೆ ಹಂದಿಜ್ವರ ಅಂತ ಇಡೀ ವಾರ್ಡ್ ಗಾಬರಿ ಬೀಳುತ್ತದೆ. 2009ರಲ್ಲಿ ಬಂದ ಆ ವೈರಸ್ ಈಗ ಪ್ರತಿವರ್ಷ ಬರುವ ಮಾಮೂಲಿ ಫ್ಲೂಗಳಲ್ಲಿ ಒಂದು. ಹೆಸರಿಗೆ ಅಷ್ಟು ಭಯ ಹುಟ್ಟಿಸದ ಎಚ್3ಎನ್2 ಹಿರಿಯರಿಗೆ ಹಲವು ಸಲ ಅದಕ್ಕಿಂತ ಕಷ್ಟ ಕೊಡುತ್ತದೆ. 2023ರ ಮಾರ್ಚ್‌ನಲ್ಲಿ ಹಾಸನ ಜಿಲ್ಲೆಯ ಹಿರಿಯರೊಬ್ಬರು ತೀರಿಕೊಂಡಾಗ ರಾಜ್ಯದ ಜನ ಆ ಹೆಸರನ್ನು ಮೊದಲ ಸಲ ಕೇಳಿದರು. ಚಿಕಿತ್ಸೆ ಎರಡಕ್ಕೂ ಒಂದೇ. ವಾರ್ಡ್‌ನಲ್ಲಿ ನೀವು ಮಾಡಬೇಕಾದ ಕೆಲಸವೂ ಒಂದೇ. ಮಾಸ್ಕ್, ಕೈ ತೊಳೆಯುವುದು, ಬೆಡ್ ದೂರ ಇಡುವುದು.

ಭಯ ಬೀಳಬೇಕಾದ ರಿಪೋರ್ಟ್ ಬೇರೆ ಇದೆ. ಅದು ನೋಡಲು ಬಹಳ ಸಪ್ಪೆಯಾಗಿರುತ್ತದೆ. ‘ಇನ್‌ಫ್ಲುಯೆಂಜಾ ಎ ಪಾಸಿಟಿವ್, ಎಚ್1 ನೆಗೆಟಿವ್, ಎಚ್3 ನೆಗೆಟಿವ್.’ ಅಂದರೆ ಎ ಹೌದು, ಆದರೆ ನಮಗೆ ಗೊತ್ತಿರುವ ಯಾವುದೂ ಅಲ್ಲ. ಎಷ್ಟೋ ಸಲ ವೈರಸ್ ಕಡಿಮೆ ಇದ್ದಾಗಲೂ ಹೀಗೇ ಬರುತ್ತದೆ. ಹಾಗಂತ ಪಕ್ಕಕ್ಕೆ ಇಡಬಾರದು. 2009ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ಇಬ್ಬರು ಮಕ್ಕಳ ಸ್ಯಾಂಪಲ್ ಹೀಗೆ ಬಂದಾಗಲೇ ಹೊಸ ವೈರಸ್ ಪ್ರಪಂಚಕ್ಕೆ ಗೊತ್ತಾಗಿದ್ದು. 2021ರಲ್ಲಿ ದೆಹಲಿಯ ಏಮ್ಸ್‌ನಲ್ಲಿ ಹರಿಯಾಣದ ಒಬ್ಬ ಹುಡುಗನ ಸ್ಯಾಂಪಲ್ ಕೂಡ ಹೀಗೇ ಬಂತು. ಪುಣೆಗೆ ಕಳಿಸಿದಾಗ ಅದು ಎಚ್5ಎನ್1, ಹಕ್ಕಿ ಜ್ವರ ಅಂತ ಗೊತ್ತಾಯಿತು. ಕಾರ್ಡ್ ಟೆಸ್ಟ್ ಇಂಥ ವೈರಸ್‌ಗೆ ಬರೀ ‘ಎ’ ಅಂತ ಗೆರೆ ತೋರಿಸಬಹುದು. ಗೆರೆ ಮೂಡದೆಯೂ ಹೋಗಬಹುದು.

ಇದು ದೂರದ ಮಾತಲ್ಲ. 2025ರ ಆರಂಭದಲ್ಲಿ ಇದೇ ಚಿಕ್ಕಬಳ್ಳಾಪುರ ತಾಲೂಕಿನ ವರದಹಳ್ಳಿಯ ಕೋಳಿಗಳಲ್ಲಿ ಹಕ್ಕಿ ಜ್ವರ ಖಚಿತವಾಯಿತು. ಕೋಳಿಯ ಸ್ಯಾಂಪಲ್ ಭೋಪಾಲ್‌ನ ಪ್ರಾಣಿರೋಗ ಲ್ಯಾಬ್‌ಗೆ ಹೋಗಿತ್ತು. ನಮ್ಮ ಸುತ್ತಮುತ್ತ ಕೋಳಿ ಫಾರಂಗಳು ಎಷ್ಟಿವೆ ಅಂತ ನಿಮಗೇ ಗೊತ್ತು. ಹಾಗಾಗಿ ದಮ್ಮು ಅಂತ ಬಂದವರನ್ನು ಅಡ್ಮಿಟ್ ಮಾಡಿಕೊಳ್ಳುವಾಗ ಇನ್ನೆರಡು ಪ್ರಶ್ನೆ ಸೇರಿಸಿಕೊಳ್ಳಿ. ಕೋಳಿ ಫಾರಂನಲ್ಲಿ ಕೆಲಸ ಮಾಡುತ್ತೀರಾ? ಹತ್ತು ದಿನದಲ್ಲಿ ಮನೆಯ ಹತ್ತಿರ ಕೋಳಿ, ಕಾಗೆ ಸತ್ತದ್ದು ನೋಡಿದಿರಾ? ಹೌದು ಅಂದರೆ ಆ ಉತ್ತರವನ್ನು ಸ್ಯಾಂಪಲ್ ಫಾರಂ ಮೇಲೆ ಎದ್ದುಕಾಣುವಂತೆ ಬರೆಯಿರಿ, ಜ್ವರ ಶುರುವಾದ ತಾರೀಖು ಬರೆಯಿರಿ, ಜಿಲ್ಲಾ ಸರ್ವೇಕ್ಷಣಾ ಅಧಿಕಾರಿಗೆ ಹೇಳಿ, ಸ್ಯಾಂಪಲ್ ಹೊರಡುವ ಮೊದಲೇ ಲ್ಯಾಬ್‌ಗೆ ಫೋನ್ ಮಾಡಿ. ಅಂಥ ಸ್ಯಾಂಪಲ್ಲನ್ನು ಸಾಮಾನ್ಯ ಲ್ಯಾಬ್‌ನಲ್ಲಿ ಕಲ್ಚರ್‌ಗೆ ಹಾಕಬಾರದು, ಅದಕ್ಕೆ ಮೂರನೇ ಹಂತದ ಸುರಕ್ಷತೆಯ ಲ್ಯಾಬ್ ಬೇಕು. ಡಬ್ಬಿ ಬಿಚ್ಚುವ ಟೆಕ್ನಿಶಿಯನ್‌ಗೆ ಬಿಚ್ಚುವ ಮುಂಚೆಯೇ ಇದು ಗೊತ್ತಿರಬೇಕು.